ನೆರೆ ದುಡ್ಡಿನ ಮಾವಿನ ಹಣ್ಣು

ಮೇ ತಿಂಗಳು ಅರ್ಧ ಕಳೆಯುವ ಹೊತ್ತಿಗೆ ಕುಷ್ಟಗಿಯ ಹಳೇ ಬಜಾರದ ವಿರೂಪಾಕ್ಷಪ್ಪನ ಮನೆಗೆ ಒಂದು ಬುಟ್ಟಿ ಮಾವಿನ ಹಣ್ಣು ಬರುವುದು ಹದಿನಾಲ್ಕು ವರ್ಷಗಳ ಪದ್ಧತಿ. ಮನೆಮಂದಿ ಅದನ್ನು ‘ನೆರೆ ದುಡ್ಡಿನ ಹಣ್ಣು’ ಎಂದೇ ಕರೆಯುತ್ತಿದ್ದರು. ಮನೆಯ ಮುಂಭಾಗದಲ್ಲಿ ಅವರ ಬೀಜದ ಅಂಗಡಿ. ಅಂಗಡಿಯ ಮಾಲಿಗೆ ಬೆಂಕಿ ವಿಮೆ ಮಾಡಿಸಿದ್ದರು. ಅದರಲ್ಲಿ ನೆರೆ ನೀರು ನುಗ್ಗಿದರೆ ಪರಿಹಾರ ಕೊಡುವ ಕಲಮೂ ಸೇರಿರುತ್ತದೆ; ಬೇಡವೆಂದು ಬರೆದುಕೊಟ್ಟರೆ ಕಂತಿನಲ್ಲಿ ಹನ್ನೊಂದು ನೂರು ರೂಪಾಯಿ ಇಳಿಯುತ್ತದೆ. ವಿರೂಪಾಕ್ಷಪ್ಪ ಪ್ರತಿ ವರ್ಷ ಆ ಕಲಮು ತೆಗೆಸುವನು, ಉಳಿದ ದುಡ್ಡಿಗೆ ಹಣ್ಣು ತರುವನು, ಬುಟ್ಟಿಯನ್ನು ನಡುಮನೆಯಲ್ಲಿ ಇಳಿಸಿ ಓಣಿಗೆಲ್ಲ ಕೇಳುವಂತೆ ಹೇಳುವನು:

“ತಿನ್ರಿ, ಹೊಟ್ಟಿತುಂಬ ತಿನ್ರಿ. ಬರಲಾರದ ನೆರಿ ಕೊಟ್ಟ ಹಣ್ಣು ಇವು!”

ಕೇಳಿದವರು ನಗುತ್ತಿದ್ದರು. ನಗಬೇಕಾದ ಮಾತೇ. ನಳದ ನೀರಿಗೆ ಕೊಡ ಸಾಲಿಗಿಟ್ಟು ದಿನ ಎಣಿಸುವ ಊರಿಗೆ ನೆರೆ ಎಲ್ಲಿಂದ ಬರಬೇಕು? ಹೊಳೆ, ಕಾಲುವೆ, ಅವುಗಳ ಸುಖ, ಅವುಗಳ ತಾಪತ್ರಯ ಎಲ್ಲ ಗಂಗಾವತಿ ಕಡೆಯವರಿಗೆ ಬಿಟ್ಟದ್ದು.

ಈ ವರ್ಷ ಆ ಪದ್ಧತಿಗೆ ಕಲ್ಲು ಹಾಕಿದವಳು ಅವನ ಹೆಂಡತಿ ಕಳಕಮ್ಮ.

ವಿಮೆಯ ಮಕ್ಬುಲಸಾಬ ಬಂದದ್ದು ಒಂದು ಸಂಜೆ. ಮೂವತ್ತು ವರ್ಷ ಊರಿಗೆ ಟಪಾಲು ಹಂಚಿ, ನಿವೃತ್ತನಾದ ಮೇಲೆ ಏಜೆಂಟನಾದ ಮನುಷ್ಯ. ಯಾವ ಮನೆಯಲ್ಲಿ ಎಷ್ಟು ಜನ, ಎಷ್ಟು ಜಗಳ ಎಂಬುದು ಅವನಿಗೆ ಬಾಯಿಪಾಠ. ಚಹಾ ಕುಡಿದು, ಹಳೇ ಕಾಗದ ಬಿಚ್ಚಿ, ಕನ್ನಡಕ ಏರಿಸಿದ.

“ಯಜಮಾನ್ರ, ಹದಿನೆಂಟನೇ ತಾರೀಖಿಗಿ ಮುದ್ದತ್ತು ಮುಗೀತೈತಿ. ನೆರಿದು ಹೋದ ವರ್ಷದಂಗ ತೆಗಿಸೂದೇನ್ರಿ?”

“ಕೇಳೂದೇನೈತಿ? ತೆಗಿ.”

“ತೆಗೀಬ್ಯಾಡ್ರಿ,” ಅಂದಳು ಒಳಬಾಗಿಲಲ್ಲಿ ನಿಂತಿದ್ದ ಕಳಕಮ್ಮ.

ಅಂಗಡಿಯ ವ್ಯವಹಾರಕ್ಕೆ ಅವಳು ಬಾಯಿ ಹಾಕಿದ್ದು ನಲವತ್ತೈದು ವರ್ಷಗಳಲ್ಲಿ ಇದೇ ಮೊದಲು. ವಿರೂಪಾಕ್ಷಪ್ಪ ಕೂತಲ್ಲೇ ತಿರುಗಿದ.

“ಏನಂದಿ?”

“ನೆರಿದು ಇರಲಿ ಅಂದೆ.”

“ಹೊಳಿ ಎಲ್ಲೈತಿಲೇ ಇಲ್ಲಿ? ಗಂಗಾವತಿ ಕಡಿ ನಿನ್ನ ತವರೂರು ಮರಳಿಯಾಗ ಐತಿ ನೀರು. ಅಲ್ಲಿಂದ ನಿನ್ನ ಹಿಂದ ಬಂದೈತೇನು?”

“ಹೊಳಿ ಯಾಕ ಬೇಕ್ರಿ? ರೋಡು ಸಾಕು. ನಾ ಸೊಸಿಯಾಗಿ ಬಂದಾಗ ಈ ಮನಿಗಿ ಐದು ಮೆಟ್ಲ ಇದ್ವು. ಆರತಿ ಹಿಡಕೊಂಡು ನಿಂತ ನಿಮ್ಮವ್ವನ ಮುಖ ನೋಡಾಕ ನಾ ಕತ್ತು ಎತ್ತಿದ್ದೆ. ಮೊದಲ ಮೊರಂ ಹಾಕಿದ್ರು, ಒಂದು ಮುಚ್ಚಿತು. ಡಾಂಬರ ಹಾಕಿದ್ರು, ಇನ್ನೊಂದು. ಡಾಂಬರ ಮ್ಯಾಲೆ ಡಾಂಬರ ಹಾಕಿದ್ರು, ಮತ್ತೊಂದು. ಸಂಕ್ರಮಣದ ಮುಂದ ಸಿಮೆಂಟಿನ ರೋಡು ಬಂತು. ಈಗ ಎಷ್ಟದಾವ? ಒಂದು! ಅದೂ ಗೇಣುದ್ದ ಇಲ್ಲ. ರೋಡು ಏರಾಕ ಹತ್ತೈತಿ, ಮನಿ ಇಳ್ಯಾಕ ಹತ್ತೈತಿ.”

“ಮೆಟ್ಲ ಎಣಸ್ಕೊಂತ ಕುಂದ್ರು ನೀ.”

ಮಕ್ಬುಲಸಾಬ ಕಾಗದ ಮಡಚಿದ. ಟಪಾಲು ಕೊಡುವ ಕಾಲದಿಂದಲೂ ಗಂಡ ಹೆಂಡಿರ ಮಾತು ಏರಿದ ಮನೆಯಲ್ಲಿ ಅವನು ನಿಂತವನಲ್ಲ. “ಹದಿನೆಂಟರತನ ಟೈಮ್ ಐತ್ರಿ. ಮನ್ಯಾಗ ಮಾತಾಡ್ಕೋರಿ,” ಎಂದು ಚಪ್ಪಲಿ ಮೆಟ್ಟಿದ.

ಮನೆಯಲ್ಲಿ ಮಾತಾಡಿಕೊಂಡದ್ದು ಊಟದ ಹೊತ್ತಿಗೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ರೊಟ್ಟಿ ಬಡಿಯುತ್ತಿದ್ದವಳು ಸೊಸೆ ಅಮೃತಾ. ಅಂಗಡಿಯ ಬಿಲ್ಲು, ಕಂಪ್ಯೂಟರು ನೋಡಿಕೊಳ್ಳುವವಳೂ ಅವಳೇ.

“ಮಾವಾ, ಅತ್ತಿ ಹೇಳೂದು ಖರೇ ಐತ್ರಿ,” ಅಂದಳು ಹಂಚಿನ ಮೇಲಿಂದ ಕಣ್ಣು ತೆಗೆಯದೆ. “ಮೊನ್ನಿ ಅಡ್ಡಮಳಿಗಿ ರೋಡಿನ ನೀರು ಹೊಸ್ತಿಲತನ ಬಂದಿತ್ತು.”

“ಬಂದು ಹೋತಿಲ್ಲೋ? ಒಳಗ ಬಂತೇನು?”

“ಒಳಗ ಬಂದ ಮ್ಯಾಲೆ ವಿಮಾ ಯಾರು ಕೊಡ್ತಾರ್ರಿ?”

ವಿರೂಪಾಕ್ಷಪ್ಪ ಮಗನ ಕಡೆ ನೋಡಿದ. ಹಾಲೇಶನಿಗೆ ಮೂವತ್ತೆಂಟು ವರ್ಷ, ಅಂಗಡಿಯ ಬೀಗದ ಕೈ ಅವನ ಸೊಂಟದಲ್ಲಿ, ಆದರೂ ಅಪ್ಪನೆದುರು ಅವನ ದನಿ ಗಂಟಲಿನಿಂದ ಮೇಲೆ ಬಂದದ್ದಿಲ್ಲ.

“ಅಪ್ಪಾ ಹೇಳಿದ ಮ್ಯಾಲೆ ಮುಗೀತು ಬಿಡ್ರಿ. ಹದಿನಾಲ್ಕು ವರ್ಷದಾಗ ಏನಾಗೈತಿ?”

“ಹದಿನಾಲ್ಕು ವರ್ಷದಾಗ ಎರಡು ಮೆಟ್ಲ ಹೋಗ್ಯಾವ,” ಅಂದಳು ಕಳಕಮ್ಮ. “ಹುಡುಗಿ ಮುಖ ನೋಡಿ ಮಾತಾಡು.”

ಹುಡುಗಿ ಅಂದರೆ ಭವಾನಿ, ಹಾಲೇಶನ ಮಗಳು. ಹತ್ತನೇ ಇಯತ್ತೆಯಲ್ಲಿ ನೂರಕ್ಕೆ ತೊಂಬತ್ತೆರಡು ತೆಗೆದಿದ್ದಳು. ಕೊಪ್ಪಳದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೀಟು ಸಿಕ್ಕಿತ್ತು. ಫೀ, ಹಾಸ್ಟೆಲ್ಲು ಎರಡೂ ಜೂನ್ ಕೊನೆಗೆ ಕಟ್ಟಬೇಕು. ಮನೆಯ ದುಡ್ಡೆಲ್ಲ ಬೇಸಿಗೆಯಲ್ಲಿ ಸಜ್ಜೆ, ಹೆಸರು, ತೊಗರಿ, ಮೆಕ್ಕೆಜೋಳದ ಚೀಲವಾಗಿ ಅಂಗಡಿ ಸೇರುವುದು, ಬಿತ್ತನೆ ಶುರುವಾದಾಗ ಮತ್ತೆ ದುಡ್ಡಾಗುವುದು ಈ ವ್ಯಾಪಾರದ ರೀತಿ. ಚೀಲ ನೆನೆಯಿತೋ, ಮುಗಿಯಿತು. ಔಷಧಿ ಸವರಿದ ಬೀಜವನ್ನು ಬಿತ್ತಲೂ ಬಾರದು, ದನಕ್ಕೆ ಹಾಕಲೂ ಬಾರದು. ಭವಾನಿಯ ಕಾಲೇಜು ಆ ಚೀಲಗಳೊಳಗೇ ಇತ್ತು.

“ಹನ್ನೊಂದು ನೂರು ರೂಪಾಯಿ ಸುಮ್ನ ನೀರಾಗ ಹಾಕು ಅಂತಿ,” ವಿರೂಪಾಕ್ಷಪ್ಪ ಗೊಣಗಿದ.

“ನೀರಾಗ ಹೋಗೂದು ಬೀಜರಿ, ರೂಪಾಯಿ ಅಲ್ಲ.”

“ಮಂದಿ ನಗತಾರ! ಕುಷ್ಟಗ್ಯಾಗ ಕುಂತು ನೆರಿ ವಿಮಾ ಮಾಡಿಸ್ಯಾನ ವಿರೂಪಾಕ್ಷಪ್ಪ ಅಂತ ಕಟ್ಟಿ ಮ್ಯಾಲೆ ಕುಂತು ನಗತಾರ.”

ಗಂಟು ಇದ್ದದ್ದು ಅಲ್ಲಿ. ಕಟ್ಟೆಯ ಮೇಲೆ ಕೂತು ಹದಿನಾಲ್ಕು ವರ್ಷ ನಗಿಸಿದವನು ಅವನೇ. ಆಡಿದ ಮಾತನ್ನು ತಾನೇ ನುಂಗಬೇಕೆಂದರೆ ಎಂಥ ಗಂಡಸಿಗೂ ಗಂಟಲು ಸಣ್ಣದಾಗುತ್ತದೆ. ಅವನು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದ.

ಮರುದಿನ ಬೆಳಿಗ್ಗೆ ಕಳಕಮ್ಮ ಅಂಗಳಕ್ಕೆ ನೀರು ಹೊಡೆಯಲು ಬಂದರೆ, ಗಂಡ ಉಳಿದ ಆ ಒಂದೇ ಮೆಟ್ಟಿಲ ಮೇಲೆ ಬಗ್ಗಿ ಕೂತಿದ್ದ. ಬೆರಳು ಅಗಲಿಸಿ ಕಲ್ಲಿನ ಎತ್ತರಕ್ಕೆ ಹಿಡಿದಿದ್ದ. ಅವಳನ್ನು ಕಂಡದ್ದೇ ಕೈ ಹಿಂತೆಗೆದ.

“ಏನು ಹುಡುಕಾಕ ಹತ್ತೀರಿ?”

“ಹುಡುಕೂದೇನೈತಿ? ಮೊಣಕಾಲು ಹಿಡದೈತಿ, ಕುಂತೀನಿ.”

ಮಾರನೇ ದಿನ ನೆತ್ತಿ ಸುಡುವ ಬಿಸಿಲಲ್ಲಿ ‘ಕ್ಷೌರಕ್ಕ ಹೋಗಿ ಬರತೀನಿ’ ಎಂದು ಹೊರಟವನು ಒಂದು ತಾಸಿನ ಮೇಲೆ ಬಂದ. ಬಿಳಿ ಗಡ್ಡ ಹೋದಂತೆಯೇ ವಾಪಸು ಬಂದಿತ್ತು.

“ಕ್ಷೌರ ಆಗಲಿಲ್ಲೇನ್ರಿ?”

“ಭಾಳ ಮಂದಿ ಇದ್ರು.”

ಕಳಕಮ್ಮನಿಗೆ ಇನ್ನೊಂದು ಮಾತು ಕೇಳಲು ಪುರುಸೊತ್ತಿರಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದಳು, ಕಾಗೆಗಳು ಬಂದಿದ್ದವು.

ಹದಿನೇಳಕ್ಕೆ ಅವಳ ಜೀವ ತಡೆಯಲಿಲ್ಲ. ಬೆಣ್ಣೆ ಮಾರಿ ಸೆರಗಿನ ತುದಿಗೆ ಕಟ್ಟಿಟ್ಟ ದುಡ್ಡು ಬಿಚ್ಚಿ ಸೊಸೆಯ ಮುಂದೆ ಹಿಡಿದಳು. “ಸಾಬಗ ಫೋನ್ ಹಚ್ಚು. ಹನ್ನೊಂದು ನೂರು ನಾ ಕೊಡ್ತೀನಿ ಅನ್ನು. ಯಜಮಾನ್ರಿಗೆ ಗೊತ್ತಾಗೂದು ಬ್ಯಾಡ.”

ಅಮೃತಾ ಅತ್ತೆಯೊಂದಿಗೆ ಹಿತ್ತಲಿಗೆ ಹೋಗಿ ಸ್ಪೀಕರ್ ಹಾಕಿ ಫೋನ್ ಹಚ್ಚಿದಳು. ಮಕ್ಬುಲಸಾಬ ಆ ಕಡೆಯಿಂದ ಮಾತು ತೂಗಿ ಹೇಳಿದ:

“ತಂಗಿ, ಪಾಲಿಸಿ ಯಜಮಾನ್ರ ಹೆಸರಿಲೆ ಐತ್ರಿ. ಅವರು ಏನು ಹೇಳ್ಯಾರ, ಅದನ್ನ ಮಾಡೀನಿ. ಇದರ ಮ್ಯಾಲೆ ನನ್ನ ಕೇಳಬ್ಯಾಡ್ರಿ.”

“ಆತು,” ಅಂದಳು ಕಳಕಮ್ಮ, ದುಡ್ಡು ಮತ್ತೆ ಗಂಟು ಕಟ್ಟುತ್ತ. “ತೆಗಿಸಿ ಬಂದಾರ.”

ಹದಿನೆಂಟಕ್ಕೆ ಬುಟ್ಟಿ ಬಂತು. ವಿರೂಪಾಕ್ಷಪ್ಪ ಅದನ್ನು ನಡುಮನೆಯಲ್ಲಿ ಇಳಿಸಿದ, ಬರಲಾರದ ನೆರೆಯ ಮಾತನ್ನೂ ಹೇಳಿದ. ಆದರೆ ಈ ಸಲ ಅದು ಓಣಿಗೆ ಕೇಳುವಷ್ಟು ಗಟ್ಟಿಯಾಗಿರಲಿಲ್ಲ. ಕಳಕಮ್ಮ ಚಪಾತಿ ಬೇಯಿಸಿದಳು, ಹಣ್ಣು ಹಿಂಡಿ, ಬೆಲ್ಲ ಏಲಕ್ಕಿ ಹಾಕಿ ಸೀಕರಣಿ ಮಾಡಿದಳು, ಎಲ್ಲರಿಗೂ ಬಡಿಸಿದಳು. ತಾನು ಮಜ್ಜಿಗೆ ಹಾಕಿಕೊಂಡು ಕೂತಳು.

“ಅಜ್ಜಿ, ನಿನ್ನ ಪಾಲು?” ಭವಾನಿ ಕೇಳಿದಳು.

“ನಿಮ್ಮಜ್ಜಗ ಹಾಕು. ನೆರಿ ಬರೂತನ ಉಣ್ಣಲಿ.”

“ಬ್ಯಾಡಂದ್ರ ಬಿಡು, ನಮಗ ಜಾಸ್ತಿ ಆತು,” ಅಂದ ವಿರೂಪಾಕ್ಷಪ್ಪ. ಹಾಗಂದವನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಅತ್ತೆಯ ಸಿಟ್ಟು ಎಂದಾದರೂ ಇಳಿದೀತೆಂದು ಅಮೃತಾ ಇನ್ನೂ ಗಟ್ಟಿಯಿದ್ದ ಎರಡು ಹಣ್ಣು ಹುಲ್ಲಿನಲ್ಲಿ ಸುತ್ತಿ ನೆಲುವಿನ ಮೇಲೆ ಇಟ್ಟಳು. ಸಿಟ್ಟು ಇಳಿಯಲಿಲ್ಲ. ಗಂಡ ಹೆಂಡಿರ ಮಾತು ಮೊಮ್ಮಗಳ ಮೂಲಕ ಓಡಾಡತೊಡಗಿತು. “ನಿಮ್ಮಜ್ಜಗ ಹೇಳು, ರೊಟ್ಟಿ ಆಗ್ಯಾವ.” “ನಿಮ್ಮಜ್ಜಿಗಿ ಹೇಳು, ನಾ ಕಿವುಡ ಅಲ್ಲ.” ಭವಾನಿ ಮೂರು ದಿನ ನಕ್ಕಳು, ನಾಲ್ಕನೇ ದಿನ ಕೈ ಮುಗಿದಳು. ಹಾಲೇಶ ಹೊಸ ಚೀಲ ಇಳಿಸಿಕೊಳ್ಳುವಾಗೆಲ್ಲ ಕಳಕಮ್ಮ ಬಂದು ಕೆಳಗಿನ ಸಾಲನ್ನು ನೋಡಿ ನಿಟ್ಟುಸಿರು ಬಿಡುವಳು. ಹೀಗೆ ಹದಿನೈದು ದಿನ ಕಳೆದವು.

ರೋಹಿಣಿ ಮಳೆ ಶುರುವಾದದ್ದು ಜೂನ್ ಮೂರರ ಮಧ್ಯಾಹ್ನ. ಅಂಗಡಿಯಲ್ಲಿ ಆಗ ಯಲಬುರ್ಗಾ ಕಡೆಯ ರೈತ ಗ್ಯಾನಪ್ಪ ಸಜ್ಜೆ ಬೀಜ ಚೌಕಾಸಿ ಮಾಡುತ್ತಿದ್ದ. ದಪ್ಪ ಹನಿ ಬಿದ್ದದ್ದೇ ಚೌಕಾಸಿ ಬಿಟ್ಟು ಹೊರಗೆ ಬಂದು ಮುಖ ಒಡ್ಡಿದ.

“ರೋಹಿಣಿ ಮಳಿ ಓಣಿ ತುಂಬ ಜ್ವಾಳ! ಹಾಕ್ರಿ ಇನ್ನೊಂದು ಚೀಲ!”

ಹಾಲೇಶನ ಮುಖವೂ ಅರಳಿತು. ಬೀಜದ ವ್ಯಾಪಾರಿಗೆ ಮಳೆಗಿಂತ ದೊಡ್ಡ ಗಿರಾಕಿ ಇಲ್ಲ. ಅರ್ಧ ತಾಸು ಕಳೆಯಿತು, ಮಳೆ ನಿಲ್ಲಲಿಲ್ಲ. ಒಂದು ತಾಸಾಯಿತು. ಹೂಳು ತುಂಬಿದ ಗಟಾರ ಉಕ್ಕಿತು. ಬಸ್ ಸ್ಟ್ಯಾಂಡ್ ಕಡೆಯ ಏರಿನಿಂದ ಇಳಿದ ಕೆಂಪು ನೀರಿಗೆ ಸಿಮೆಂಟಿನ ರೋಡೇ ಕಾಲುವೆಯಾಯಿತು. ಇಂಗಲು ಮಣ್ಣಿಲ್ಲ, ಹರಿಯಲು ಗಟಾರವಿಲ್ಲ. ನೀರು ಮೆಟ್ಟಿಲು ಮುಟ್ಟಿದ್ದನ್ನು ಕಳಕಮ್ಮ ನೋಡಿದಳು. ಮೆಟ್ಟಿಲು ಮುಳುಗಿದ್ದನ್ನೂ ನೋಡಿದಳು.

“ಹಾಲೇಶಾ, ಚೀಲ ಎತ್ತೋ!”

ಮುಂದಿನದು ಯಾರಿಗೂ ಸರಿಯಾಗಿ ನೆನಪಿಲ್ಲ. ಹಾಲೇಶ, ಅಮೃತಾ, ಗಿರಾಕಿಯಾಗಿ ಬಂದ ಗ್ಯಾನಪ್ಪ ಮೂವರೂ ಚೀಲ ಎತ್ತೆತ್ತಿ ಗಲ್ಲೆಯ ಮೇಲೆ, ಬೆಂಚಿನ ಮೇಲೆ, ಕಡೆಗೆ ನಡುಮನೆಯ ಮಂಚದ ಮೇಲೆ ಒಗೆದರು. ಕಳಕಮ್ಮ ಪೆಟ್ಟಿಗೆಯಲ್ಲಿದ್ದ ಕೌದಿಗಳನ್ನೆಲ್ಲ ತಂದು ಹೊಸ್ತಿಲಿಗೆ ತುರುಕಿದಳು. ಅವಳ ತಾಯಿ ಹೊಲಿದುಕೊಟ್ಟ ಮದುವೆಯ ಕೌದಿಯೂ ಅದರಲ್ಲಿತ್ತು. ನೀರು ಕೌದಿಗಳನ್ನು ಹಾರಿ ಒಳಗೆ ಬಂತು. ವಿರೂಪಾಕ್ಷಪ್ಪ ಮೊಣಕಾಲ ನೀರಲ್ಲಿ ನಿಂತು ಬಕೆಟ್ಟಿನಿಂದ ತೋಡಿ ಹೊರಗೆ ಚೆಲ್ಲುತ್ತಿದ್ದ. ಚೆಲ್ಲಿದ್ದು ಮತ್ತೆ ಒಳಗೇ ಬರುತ್ತಿತ್ತು.

ಸಂಜೆ ಮಳೆ ನಿಂತಿತು. ನೀರು ಬಂದಷ್ಟೇ ಸದ್ದಿಲ್ಲದೆ ಇಳಿಯಿತು. ಕೆಳಗಿನ ಎರಡು ಸಾಲು, ಅರವತ್ತಕ್ಕೂ ಹೆಚ್ಚು ಚೀಲ, ಕೆಸರು ಕುಡಿದು ಬಿದ್ದಿದ್ದವು. ಹಾಲೇಶ ತಲೆ ಹಿಡಿದುಕೊಂಡು ಹಸಿ ನೆಲದ ಮೇಲೇ ಕೂತ.

“ಮುಗೀತವ್ವಾ. ಮುಗೀತು.”

ಭವಾನಿ ಅಪ್ಪನ ಪಕ್ಕ ಬಂದು ಕೂತು, ಏನೂ ಆಗಿಲ್ಲವೆಂಬ ದನಿಯಲ್ಲಿ ಹೇಳಿದಳು: “ನಾ ಇಲ್ಲೇ ಕಾಮರ್ಸ್ ತಗೋತೀನಿ ಬಿಡಪ್ಪಾ. ಕೊಪ್ಪಳ ಏನು, ಎಲ್ಲಾ ಒಂದ.”

ಆ ಮಾತು ಕೇಳಿದ್ದೇ ಕಳಕಮ್ಮ ಹದಿನೈದು ದಿನದ ಮೌನ ಬಿಟ್ಟು ಗಂಡನ ಎದುರಿಗೇ ಹೋಗಿ ನಿಂತಳು.

“ಹಣ್ಣು ಹೆಂಗಿದ್ವುರಿ? ಸೀ ಇದ್ವಿಲ್ಲೋ? ನೋಡ್ರಿ, ಮೊಮ್ಮಗಳ ಸಾಲಿ ಹಿಂಡಿ ಸೀಕರಣಿ ಉಂಡೀರಿ. ಬರಲಾರದ ನೆರಿ ಬಂತು. ಹೇಳ್ರಿ ಈಗ, ಕಟ್ಟಿ ಮ್ಯಾಲೆ ಕುಂತು ಹೇಳ್ರಿ!”

ವಿರೂಪಾಕ್ಷಪ್ಪ ಬಕೆಟ್ಟು ಕೆಳಗಿಟ್ಟ. ಒಳಗೆ ಹೋದ. ಅವನು ತಲೆ ತಗ್ಗಿಸಿ ಹೋದದ್ದು ಕಂಡು ಕಳಕಮ್ಮನಿಗೆ ತಾನು ಅತಿ ಮಾಡಿದೆನೇನೋ ಅನ್ನಿಸಿತು. ಒಳಗೆ ಟ್ರಂಕು ತೆರೆದ ಸದ್ದು, ಮುಚ್ಚಿದ ಸದ್ದು. ಹೊರಗೆ ಬಂದವನ ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದವಿತ್ತು. ಅದನ್ನು ಸೊಸೆಯ ಕೈಗೆ ಕೊಟ್ಟ.

“ಓದವ್ವಾ.”

ಅಮೃತಾ ಸೀರೆಗೆ ಕೈ ಒರೆಸಿಕೊಂಡು ಒಂದು ಹಾಳೆ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು. ಮತ್ತೆ ಮೊದಲನೆಯದಕ್ಕೆ ಬಂದಳು.

“ಅತ್ತಿ,” ಅಂದಳು, “ನೆರಿದು ಐತ್ರಿ. ತೆಗಿಸಿಲ್ಲ. ಪೂರಾ ಕಟ್ಯಾರ.”

ಹಾಲೇಶ ತಲೆಯಿಂದ ಕೈ ತೆಗೆದ. ಭವಾನಿ ಎದ್ದು ನಿಂತಳು. ಕಳಕಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ.

“ಮತ್ತ ಹಣ್ಣು? ಹಣ್ಣು ಯಾಕ ತಂದ್ರಿ?”

“ಹಣ್ಣು ತರಲಿಲ್ಲಂದ್ರ ನಿಮಗೆಲ್ಲಾ ಗೊತ್ತಾಗತಿತ್ತಿಲ್ಲೋ.”

“ಏನು ಗೊತ್ತಾಗತಿತ್ತು?”

ವಿರೂಪಾಕ್ಷಪ್ಪ ಗೋಡೆಯ ಮೇಲಿನ ಕೆಸರಿನ ಗೆರೆ ನೋಡುತ್ತ ಹೇಳಿದ: “ನೀ ಹೇಳಿದ್ದು ಖರೇ ಅಂತ.”

ಮೊದಲು ನಕ್ಕವನು ಗ್ಯಾನಪ್ಪ. ಹೊರಗಿನವನಿಗೆ ಯಾವ ಮುಲಾಜೂ ಇರಲಿಲ್ಲ. ಆಮೇಲೆ ಭವಾನಿ ಅಜ್ಜನ ಕೊರಳಿಗೆ ಬಿದ್ದಳು. ಹಾಲೇಶ ನಗುತ್ತಿದ್ದಾನೋ ಅಳುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ.

“ಹಂಗಾರ ಅವತ್ತ ಗಡ್ಡ ಹಂಗ ಇತ್ತು!” ಕಳಕಮ್ಮ ಹಣೆ ಬಡಿದುಕೊಂಡಳು. “ಸಾಬನ ಹಂತ್ಯಾಕ ಹೋಗಿದ್ರಿ!”

“ಕ್ಷೌರದ ರೊಕ್ಕ ಹಣ್ಣಿಗಿ ಕೂಡಿಸ್ದೆ.”

“ಹದಿನೈದು ದಿನ ನನ್ನ ಹೊಟ್ಟಿ ಉರಿಸಿದ್ರಲ್ರೀ! ಒಂದು ಮಾತು ಹೇಳಾಕ ಏನಾಗಿತ್ತು?”

“ನೀ ಮಾತು ಬಿಟ್ಟಿದ್ದೆಲ್ಲ. ಯಾರ ಕೂಡ ಹೇಳ್ಲಿ?”

ಎದೆಯ ಮೇಲಿಂದ ಒಂದು ಚೀಲ ಇಳಿಸಿದಂತಾಗಿತ್ತು ಕಳಕಮ್ಮನಿಗೆ. ಆದರೂ ಅಷ್ಟು ಸಸಾರಕ್ಕೆ ಒಪ್ಪುವವಳಲ್ಲ. ಅಮೃತಾ ಓಡಿಹೋಗಿ ನೆಲುವಿನಿಂದ ಹಣ್ಣು ತಂದಾಗ ಕೈ ಅಡ್ಡ ಹಿಡಿದಳು. “ಇರಲಿ, ಅಲ್ಲೇ ಇಡು. ಕಾಗದ ಬ್ಯಾರೆ, ರೊಕ್ಕ ಬ್ಯಾರೆ. ಕಂಪನಿ ಸಾಹೇಬ ತನ್ನ ಬಾಯಿಲೆ ಹೇಳೂತನ ನಾ ಮುಟ್ಟಂಗಿಲ್ಲ.”

ಮಕ್ಬುಲಸಾಬ ಅದೇ ಸಂಜೆ ಕೆಸರು ತುಳಿಯುತ್ತ ಬಂದು, ನೆನೆದ ಚೀಲ ಅಲುಗಿಸಬೇಡಿ, ಫೋಟೋ ತೆಗೆದಿಡಿ ಎಂದು ಹೇಳಿ ಹೋದ. “ಅಕ್ಕಾರ, ಮಾಫ್ ಮಾಡ್ರಿ. ಯಜಮಾನ್ರು ಆಣಿ ಹಾಕಿಸಿದ್ರು,” ಎಂದು ಕಳಕಮ್ಮನಿಗೆ ಕೈ ಮುಗಿದ.

ಕಂಪನಿಯ ಸರ್ವೇಯರ್ ಬಂದದ್ದು ಮೂರನೇ ದಿನ. ಗೋವಿಂದರಾಜ ಎಂದು ಹೆಸರು, ಕೈಯಲ್ಲಿ ಟೇಪು, ಕೊರಳಲ್ಲಿ ಕ್ಯಾಮೆರಾ. ಅಂಗಡಿಯ ಒಳಗೆ ಕಾಲಿಟ್ಟವನು ನಿಂತೇಬಿಟ್ಟ. ಶೆಕೆಗೂ ಹಸಿಗೂ ಸೇರಿ ಸಜ್ಜೆ ಚೀಲಗಳ ಮೈತುಂಬ ಮೊಳಕೆ ಬಂದಿತ್ತು. ಹೆಣಿಗೆಯ ಸಂದುಗಳಲ್ಲಿ ಹಸಿರು ಎಳೆ ಹೊರಬಂದು ಅಂಗಡಿಯೇ ಹೊಲವಾಗಿತ್ತು.

“ನಿಮ್ಮ ಬೀಜ ಛಲೋ ಹುಟ್ಟತಾವ ಬಿಡ್ರಿ,” ಅಂದ. “ಬೇಕಂದ್ರ ನಾನ ಬರದು ಕೊಡತೀನಿ.”

ಅಮೃತಾ ಬಿಲ್ಲು, ಸ್ಟಾಕಿನ ಪಟ್ಟಿ ಎಲ್ಲ ಜೋಡಿಸಿಟ್ಟಿದ್ದಳು. ಅವನು ಗೋಡೆಯ ಗೆರೆ ಅಳೆದ, ಚೀಲ ಎಣಿಸಿದ, ಒಗ್ಗರಣಿ ಮಂಡಾಳ, ಮಿರ್ಚಿ ತಿಂದ. ಸ್ವಲ್ಪ ಕಡಿತ ಆಗುತ್ತದೆ, ಉಳಿದದ್ದು ಬರುತ್ತದೆ, ಅಡ್ಡಿ ಏನೂ ಕಾಣುವುದಿಲ್ಲ ಎಂದ. ಅವನು ಹೇಳಿದಂತೆಯೇ ಆಯಿತು. ಉಳಿದ ಚೀಲಗಳು ಆ ಮಳೆಗೇ ಎಂಟು ದಿನದಲ್ಲಿ ಖರ್ಚಾಗಿ ಭವಾನಿಯ ಫೀ ಹೊರಟಿತು, ವಿಮೆಯ ದುಡ್ಡು ಶ್ರಾವಣಕ್ಕೆ ಬಂದು ಅಂಗಡಿ ಮತ್ತೆ ತುಂಬಿತು. ಆದರೆ ಅದು ಆಮೇಲಿನ ಮಾತು.

ಹೊರಡುವಾಗ ಗೋವಿಂದರಾಜ ಹೊಸ್ತಿಲಲ್ಲಿ ನಿಂತು ಕೇಳಿದ: “ಯಜಮಾನ್ರ, ಒಂದು ಕೇಳ್ಲೇನ್ರಿ? ಇಲ್ಲಿ ಹೊಳಿ ಇಲ್ಲ, ಹಳ್ಳ ಇಲ್ಲ. ಈ ಓಣ್ಯಾಗ ನೆರಿದು ಇಟ್ಕೊಂಡವರು ನೀವೊಬ್ಬರ. ನಿಮಗ ಹೆಂಗ ತಿಳೀತು?”

ಎದುರಿನ ಕಟ್ಟೆಯ ಮೇಲೆ ನಾಲ್ಕೈದು ಮಂದಿ ಕೂತಿದ್ದರು. ಹದಿನಾಲ್ಕು ವರ್ಷ ವಿರೂಪಾಕ್ಷಪ್ಪನ ಮಾತಿಗೆ ನಕ್ಕವರೇ ಎಲ್ಲ. ಅವನು ಅವರನ್ನು ನೋಡಿದ, ಗಂಟಲು ಸರಿಮಾಡಿಕೊಂಡ. ಆಮೇಲೆ ಓಣಿಗೆಲ್ಲ ಕೇಳುವಂತೆ ಹೇಳಿದ:

“ನಮಗೆಲ್ಲಿ ತಿಳೀತೈತ್ರಿ? ನಮ್ಮನ್ಯಾಗ ಮೆಟ್ಲ ಎಣಸಿದವರು ಅದಾರ.”

ಒಳಬಾಗಿಲಲ್ಲಿದ್ದ ಕಳಕಮ್ಮ ಸರಕ್ಕನೆ ಅಡುಗೆಮನೆಗೆ ಹೋದಳು. ಕಣ್ಣು ಒರೆಸಿಕೊಂಡು ನೆಲುವಿನಿಂದ ಎರಡೂ ಹಣ್ಣು ಇಳಿಸಿ ತೊಳೆದಳು. ಸಾಹೇಬನ ಗಾಡಿ ಹೋದ ಮೇಲೆ ಹೊರಗೆ ಬಂದು, ಉಳಿದ ಆ ಒಂದೇ ಮೆಟ್ಟಿಲ ಮೇಲೆ ಗಂಡನ ಪಕ್ಕ ಕೂತಳು. ಒಂದು ಹಣ್ಣು ಅವನಿಗೆ ಕೊಟ್ಟು ಇನ್ನೊಂದರ ತೊಟ್ಟು ಕಚ್ಚಿದಳು.

ವಿರೂಪಾಕ್ಷಪ್ಪ ತನ್ನದನ್ನು ಕೈಯಲ್ಲೇ ಹಿಡಿದು ಅವಳ ಮುಖ ನೋಡುತ್ತಿದ್ದ. “ಹೆಂಗೈತಿ? ಹುಳಿ ಬಂದೈತೇನು?”

ಕಳಕಮ್ಮ ಮೊಣಕೈಗೆ ಇಳಿದ ರಸವನ್ನು ಸೆರಗಿನಿಂದ ಒರೆಸಿಕೊಂಡಳು.

“ಮ್ಯಾಲೆ ಸುಕ್ಕು ಬಿದ್ದೈತಿ ಅಷ್ಟ,” ಅಂದಳು. “ಒಳಗ ಸೀ ಐತಿ.”